ನಾಯಿಯ ಹೊದಿಕೆಗೆ ಅಕ್ರಿಲಿಕ್ ದಾರ: ಕೊಡಗಿನ ಮಳೆಗೆ ಒಪ್ಪುತ್ತದೆಯೇ?

ಮಡಿಕೇರಿಯ ಕಕ್ಕಡ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಹತ್ತಿ ದಾರದ ಹೊದಿಕೆ ಒಗೆದರೆ ಒಣಗುವ ಮೊದಲೇ ಮುಗ್ಗಲು ವಾಸನೆ ಹಿಡಿಯುತ್ತದೆ. ಅಕ್ರಿಲಿಕ್ ನೀರು ಹೀರುವುದು ಕಡಿಮೆ, ಹಿಂಡಿ ಹರವಿದರೆ ಬೇಗ ಒಣಗುತ್ತದೆ. ಈ ಒಂದು ಗುಣಕ್ಕೇ ನನ್ನ ಓಟು ಇದಕ್ಕೆ.

60 ಸೆಂ.ಮೀ. ಚೌಕಕ್ಕೆ ಡಿಕೆ (ತುಸು ತೆಳು ದಾರ) ದಪ್ಪದ 100 ಗ್ರಾಂ ಉಂಡೆ ಮೂರು, 4 ಮಿ.ಮೀ. ಕ್ರೋಶೆ ಕೊಕ್ಕೆ ಕಡ್ಡಿ ಸಾಕು. ಮೊದಲ ಸಾಲಿಗೆ ಸುಮಾರು 97 ಸರಪಳಿ ಹೊಲಿಗೆ ಹಾಕಿ, ಮೇಲೆ ಪೂರ್ತಿ ಸಿಂಗಲ್ ಕ್ರೋಶೆ (ಗಿಡ್ಡ, ಬಿಗಿ ಹೊಲಿಗೆ). ಉದ್ದ ಹೊಲಿಗೆಯ ಡಬಲ್ ಕ್ರೋಶೆ ಹಾಕಿದರೆ ತೂತಿಗೆ ಉಗುರು ಸಿಕ್ಕಿ ಎಳೆ ಕಿತ್ತು ಬರುತ್ತದೆ. ಉಂಡೆಗಳ ಡೈ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ದಾರದ ಗುರುತು) ಒಂದೇ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಬಣ್ಣ ಪಟ್ಟೆಪಟ್ಟೆ ಕಾಣುತ್ತದೆ.

ಒಲೆಯ ಪಕ್ಕ ಮಲಗುವ ನಾಯಿಗೆ ಮಾತ್ರ ಬೇಡವೇ ಬೇಡ. ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಅಲ್ಲಿಗೆ ಹಳೆಯ ಉಣ್ಣೆ ಕಂಬಳಿಯೇ ಸರಿ.