ಪ್ರೆಡ್ನಿಸೋಲೋನ್ ಮಾತ್ರೆ: ಮೂರು ವರ್ಷ ನುಂಗಿದ ಟೇಲರ್ ಬರೆದ ರಿವ್ಯೂ

ಕುಕ್ಕರ್‌ಗೆ, ಮಿಕ್ಸರ್‌ಗೆ, ಮೊಬೈಲ್ ಕವರ್‌ಗೆ ಕೂಡ ಜನ ರಿವ್ಯೂ ಬರೆಯುತ್ತಾರೆ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ತಿಂಡಿ ಆದ ತಕ್ಷಣ ಬಾಯಿಗೆ ಹಾಕಿಕೊಳ್ಳುವ ಮಾತ್ರೆಗೆ ನಾನ್ಯಾಕೆ ಬರೆಯಬಾರದು? ಕಂಪನಿ ಹೆಸರು ಹೇಳಲ್ಲ. ನಾಲ್ಕು ಕಂಪನಿಯದು ನುಂಗಿದ್ದೇನೆ, ನನಗೆ ಅಂಥ ವ್ಯತ್ಯಾಸ ಗೊತ್ತಾಗಲಿಲ್ಲ. ಒಳಗಿನ ಔಷಧ ಪ್ರೆಡ್ನಿಸೋಲೋನ್. ಸ್ಟಿರಾಯ್ಡ್. ಜಿಮ್ ಹುಡುಗರು ತಗೊಳ್ಳುವ ಸ್ಟಿರಾಯ್ಡ್ ಬೇರೆ, ಇದು ಬೇರೆ. ಅದು ಮೈ ಕಟ್ಟುವ ಜಾತಿ, ಇದು ರೋಗನಿರೋಧಕ ಶಕ್ತಿಯ ಕೈಕಟ್ಟುವ ಜಾತಿ. 5 ಮಿಲಿಗ್ರಾಂನ ಒಂದು ಪಟ್ಟಿಗೆ ನಮ್ಮೂರಿನ ಸೂಪರ್ ಮಾರ್ಕೆಟ್ ಬೀದಿ ಕಡೆ ಒಂದು ಪ್ಲೇಟ್ ಮಿರ್ಚಿ ಭಜಿಗೆ ಕೊಡುವಷ್ಟು ದುಡ್ಡು ಸಾಕು.

ನಾನು ಕಲಬುರಗಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಸಂಜೆ ಆಯಿತೆಂದರೆ ಸೂಜಿ ಎರಡು ಕಾಣಲು ಶುರುವಾಗಿತ್ತು. ದಾರ ಯಾವ ಸೂಜಿಗೆ ಪೋಣಿಸಬೇಕು ಗೊತ್ತಾಗುತ್ತಿರಲಿಲ್ಲ, ಒಂದು ಕಣ್ಣು ಮುಚ್ಚಿಕೊಂಡು ಪೋಣಿಸುತ್ತಿದ್ದೆ. ಕನ್ನಡಕ ಕೊಟ್ಟರು. ಆಮೇಲೆ ಎಡಗಣ್ಣಿನ ರೆಪ್ಪೆ ಜೋತುಬಿತ್ತು, ನಿದ್ದೆ ಸಾಲದು ಅಂದರು. ಕೊನೆಗೆ ರೊಟ್ಟಿ ತಿನ್ನಲಿಕ್ಕೆ ಆಗದೇ ಹೋಯಿತು. ಮೊದಲ ರೊಟ್ಟಿ ಸರಿಯಾಗಿ ತಿನ್ನುತ್ತಿದ್ದೆ, ಎರಡನೆಯದು ಅರ್ಧಕ್ಕೆ ಬಂದಾಗ ದವಡೆ ನಿಂತೇಬಿಡುತ್ತಿತ್ತು, ಕೈಯಿಂದ ಗದ್ದ ಎತ್ತಿ ಹಿಡಿದು ಅಗಿಯಬೇಕು. ಕಟಕ ರೊಟ್ಟಿಯ ಮಾತಂತೂ ಬಿಡಿ. ನಮ್ಮ ಕಡೆ ರೊಟ್ಟಿ ಅಗಿಯಲು ಆಗದಿದ್ದರೆ ಊಟವೇ ಇಲ್ಲ, ಅಲ್ವಾ? ಬೆಳಿಗ್ಗೆ ಎದ್ದಾಗ ಮಾತ್ರ ಎಲ್ಲಾ ಸರಿ. ಬೆಳಿಗ್ಗೆ ಸರಿ ಇದ್ದು ಸಂಜೆ ಬಿದ್ದುಹೋಗುವ ಕಾಯಿಲೆ ಮನೆಯವರಿಗೆ ನಾಟಕದ ಹಾಗೆ ಕಾಣುತ್ತದೆ. ಅದೂ ಏಪ್ರಿಲ್ ತಿಂಗಳು, ಹೊರಗೆ 42 ಡಿಗ್ರಿ. ಬಿಸಿಲಿಗೆ ಈ ಕಾಯಿಲೆ ಇನ್ನೂ ಕೆಡುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ.

ಹೈದರಾಬಾದಿನಲ್ಲಿ ನರರೋಗದ ಡಾಕ್ಟರ್ ಒಬ್ಬರು ಗ್ಲೌಸಿನಲ್ಲಿ ಐಸ್ ತುಂಬಿ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ಕಣ್ಣು ತೆರೆದಿತ್ತು. ನಮ್ಮ ಮನೆಯವರ ಬಾಯಿಯೂ. ರಕ್ತದಲ್ಲಿ ಆ್ಯಂಟಿಬಾಡಿ ಟೆಸ್ಟ್ ಆಯಿತು, ಎದೆಯೊಳಗಿನ ಥೈಮಸ್ ಅನ್ನುವ ಗ್ರಂಥಿಯಲ್ಲಿ ಗಡ್ಡೆ ಇದೆಯಾ ನೋಡಲು ಸಿಟಿ ಸ್ಕ್ಯಾನ್ ಆಯಿತು, ಗಡ್ಡೆ ಇರಲಿಲ್ಲ. ಕಾಯಿಲೆ ಹೆಸರು ಮಯಸ್ತೇನಿಯಾ ಗ್ರೇವಿಸ್. ನರ ಕಳಿಸಿದ ಸುದ್ದಿಯನ್ನು ಸ್ನಾಯು ಹಿಡಿದುಕೊಳ್ಳುವ ಜಾಗವನ್ನು ನಮ್ಮದೇ ರೋಗನಿರೋಧಕ ಶಕ್ತಿ ಕೆಡಿಸಿಹಾಕುತ್ತದೆ. ನನ್ನ ಭಾಷೆಯಲ್ಲಿ ಹೇಳಬೇಕೆಂದರೆ ಗುಂಡಿ ಗಟ್ಟಿ ಇದೆ, ಕಾಜಾ ಹರಿದಿದೆ. ಪಿರಿಡೋಸ್ಟಿಗ್ಮೈನ್ ಅನ್ನುವ ಮಾತ್ರೆ ಉಳಿದ ಕಾಜಾದಲ್ಲೇ ಗುಂಡಿಯನ್ನು ಒಂದು ನಾಲ್ಕು ತಾಸು ಹಿಡಿದು ನಿಲ್ಲಿಸುತ್ತದೆ. ಹರಿಯುವುದನ್ನೇ ತಡೆಯಲು ಸ್ಟಿರಾಯ್ಡ್.

ಕೆಲಸ ಮಾಡಿತಾ? ಮಾಡಿತು. ಆದರೆ ಮೊದಲ ಎರಡು ವಾರ ನೋಡಿ ಯಾರೂ ತೀರ್ಪು ಕೊಡಬೇಡಿ, ಯಾಕೆಂದರೆ ಈ ಕಾಯಿಲೆಯಲ್ಲಿ ಸ್ಟಿರಾಯ್ಡ್ ಒಮ್ಮೆಲೇ ಜಾಸ್ತಿ ಕೊಟ್ಟರೆ ಶುರುವಿನಲ್ಲಿ ಸುಸ್ತು ಇನ್ನೂ ಏರಬಹುದು, ಅದಕ್ಕೇ ನನಗೆ ದಿನಕ್ಕೆ 10 ಮಿಲಿಗ್ರಾಂನಿಂದ ಶುರು ಮಾಡಿ ಮೆಲ್ಲಗೆ 40ಕ್ಕೆ ಏರಿಸಿದರು. ಆರನೇ ವಾರ ಪುಂಡಿ ಪಲ್ಲೆ ಜೊತೆ ಎರಡು ಕಟಕ ರೊಟ್ಟಿ ಗದ್ದ ಹಿಡಿಯದೆ ತಿಂದೆ. ಅತ್ತೆ ಅಡಿಗೆಮನೆಯಿಂದ ಬಂದು ಆ ಕಟಕಟ ಸದ್ದು ಕೇಳುತ್ತಾ ನಿಂತಿದ್ದರು. ಅಷ್ಟಕ್ಕೇ ನಾಲ್ಕು ಸ್ಟಾರ್ ಕೊಡಬೇಕು.

ಈಗ ಬಾಕಿ ಕಥೆ.

ನಾನು ಟೇಲರ್, ನನಗೆ ತೂಕದ ಯಂತ್ರ ಬೇಕಿಲ್ಲ. ಅಳತೆ ಪುಸ್ತಕದಲ್ಲಿ ನನ್ನದೇ ಒಂದು ಪುಟ ಇದೆ. ಶುರು ಮಾಡುವಾಗ ಸೊಂಟ 31 ಇಂಚು, ಆರು ತಿಂಗಳಿಗೆ 36. ಇದನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದೇ ಇದ್ದದ್ದು ಏನೆಂದರೆ ಅದೇ ಆರು ತಿಂಗಳಲ್ಲಿ ನನ್ನ ತೋಳಿನ ಸುತ್ತಳತೆ ಅರ್ಧ ಇಂಚು ಇಳಿದಿತ್ತು. ಹೊಟ್ಟೆ ಬಂತು, ತೋಳು ಹೋಯಿತು. ಕುತ್ತಿಗೆಯ ಹಿಂದೆ, ಬ್ಲೌಸಿನ ಬೆನ್ನು ಶುರುವಾಗುವ ಕಡೆ ಒಂದು ಮೆತ್ತನೆಯ ಉಬ್ಬು ಬಂತು, ಹಾಗಾಗಿ ಹಿಂದಿನ ಕತ್ತು ಎಷ್ಟು ಸರಿಯಾಗಿ ಕತ್ತರಿಸಿದರೂ ಎದ್ದು ನಿಲ್ಲುತ್ತಿತ್ತು. ನನ್ನ ಕತ್ತರಿಯದೇ ತಪ್ಪು ಅಂದುಕೊಂಡು ಎರಡು ಬ್ಲೌಸ್ ಬಿಚ್ಚಿ ಹೊಲಿದೆ! ಸ್ಟಿರಾಯ್ಡ್ ಕೊಬ್ಬನ್ನು ಜಾಸ್ತಿ ಮಾಡುವುದಷ್ಟೇ ಅಲ್ಲ, ಜಾಗ ಬದಲಿಸುತ್ತದೆ. ಮುಖ, ಕತ್ತು, ಹೊಟ್ಟೆ ಕಡೆ ಬಂದು ಕೂರುತ್ತದೆ, ಕೈಕಾಲು ಬಡವಾಗುತ್ತವೆ.

ಮುಖ ಚಂದ್ರನ ಹಾಗೆ ದುಂಡಗಾಯಿತು. ಡಾಕ್ಟರುಗಳೂ ಚಂದ್ರಮುಖ ಅಂತಲೇ ಕರೆಯುತ್ತಾರಂತೆ, ಕೇಳಲು ಮಾತ್ರ ಚೆಂದ. ಗಿರಾಕಿ ಹೆಂಗಸರು "ಮಾರಿ ಎಷ್ಟು ತುಂಬ್ಯಾದ ನೋಡ್ರಿ, ಛಲೋ ಆಗೀರಿ" ಅಂತ ಖುಷಿಪಟ್ಟರು. ಮೇಲುದುಟಿಯ ಮೇಲೆ ಕೂದಲು ಬಂದಾಗ ಮಾತ್ರ ಯಾರೂ ಛಲೋ ಅನ್ನಲಿಲ್ಲ.

ಹಸಿವಿನ ಬಗ್ಗೆ ಏನು ಬರೆಯಲಿ. ಅದು ಹಸಿವಲ್ಲ, ಜಗಳ. ರಾತ್ರಿ ಎರಡು ಗಂಟೆಗೆ ಎದ್ದು ಕತ್ತಲಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ನಿದ್ದೆ ಹೇಗೂ ಇರುತ್ತಿರಲಿಲ್ಲ. ಒಮ್ಮೆ ಮಾತ್ರೆಯನ್ನು ಮಧ್ಯಾಹ್ನದ ಮೇಲೆ ತಗೊಂಡು ರಾತ್ರಿಯೆಲ್ಲಾ ಕೂತು ಮೂರು ಬ್ಲೌಸಿಗೆ ಹುಕ್ ಹಾಕಿ ಮುಗಿಸಿದ್ದೇನೆ. ಬೆಳಿಗ್ಗೆ ತಿಂಡಿ ಜೊತೆಗೇ ತಗೊಳ್ಳಿ ಅನ್ನುವುದು ಸುಮ್ನೆ ಅಲ್ಲ. ಹೊಟ್ಟೆಗೂ ಒಳ್ಳೆಯದು, ನಿದ್ದೆಗೂ. ಉಪ್ಪು ಕಡಿಮೆ ಮಾಡಿದ ಮೇಲೆ ಕಾಲಿನ ಬಾವು ಇಳಿಯಿತು. ಹಪ್ಪಳ, ಉಪ್ಪಿನಕಾಯಿ ಬಿಟ್ಟೆ. ಸಿಟ್ಟು? ಅದು ಇಳಿಯಲು ಡೋಸೇ ಇಳಿಯಬೇಕಾಯಿತು. ಒಂದು ಹುಕ್ಕಿನ ವಿಷಯಕ್ಕೆ ಹತ್ತು ವರ್ಷದ ಹಳೇ ಗಿರಾಕಿಯ ಮೇಲೆ ಕೂಗಾಡಿ, ಆಮೇಲೆ ಅವರ ಮನೆಗೇ ಹೋಗಿ ಕ್ಷಮೆ ಕೇಳಿ ಬಂದೆ.

ಸಕ್ಕರೆಯದು ಬೇರೆಯೇ ಮೋಸ. ನಾಲ್ಕು ತಿಂಗಳು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಟೆಸ್ಟ್ ಮಾಡಿಸಿದೆ. ಪ್ರತಿ ಸಲ ನಾರ್ಮಲ್. ಆದರೂ ಸಂಜೆ ಬಾಯಿ ಒಣಗುತ್ತಿತ್ತು, ಐದು ಸಲ ಬಚ್ಚಲಿಗೆ ಓಡಬೇಕು. ಬಿಸಿಲಿಗೆ ಅಂದುಕೊಂಡೆ. ವಿಷಯ ಏನೆಂದರೆ, ಬೆಳಿಗ್ಗೆ ತಗೊಂಡ ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದಿಂದ ಸಂಜೆಯವರೆಗೆ, ರಾತ್ರಿ ಕಳೆಯುವಷ್ಟರಲ್ಲಿ ಅದು ಇಳಿದಿರುತ್ತದೆ, ಬೆಳಿಗ್ಗೆ ರಕ್ತ ಕೊಟ್ಟರೆ ಕಳ್ಳ ಹೋದ ಮೇಲೆ ಮನೆ ನೋಡಿದ ಹಾಗೆ. ಮಧ್ಯಾಹ್ನ ಊಟ ಆಗಿ ಎರಡು ತಾಸಿಗೆ ಟೆಸ್ಟ್ ಮಾಡಿಸಿದಾಗ 260 ಬಂತು. ಇದನ್ನು ಶುರುವಿನಲ್ಲೇ ಯಾರಾದರೂ ಹೇಳಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು. ಇದಕ್ಕೆ ಒಂದು ಸ್ಟಾರ್ ಕಟ್ ಮಾಡುತ್ತಿದ್ದೇನೆ. ಆದರೆ ಮಾತ್ರೆಗೆ ಕಟ್ ಮಾಡಬೇಕಾ, ಚೀಟಿ ಬರೆದು ಕೈಗೆ ಕೊಟ್ಟು ಮುಂದಿನ ಪೇಷಂಟನ್ನು ಕರೆದವರಿಗಾ, ಅದು ಇನ್ನೂ ತೀರ್ಮಾನ ಆಗಿಲ್ಲ.

ಇನ್ನೊಂದು ವಿಚಿತ್ರ. ಕಣ್ಣು ಸರಿ, ಅಗಿಯುವುದು ಸರಿ, ಮಾತು ಸರಿ, ಆದರೆ ನೆಲದ ಮೇಲೆ ಕೂತು ಬಟ್ಟೆ ಕತ್ತರಿಸಿ ಏಳಲು ಹೋದರೆ ತೊಡೆ ಎತ್ತುತ್ತಿರಲಿಲ್ಲ. ಕಾಯಿಲೆ ತಿರುಗಿ ಬಂತು, ಡೋಸ್ ಏರಿಸಬೇಕು ಅಂತ ನಾನೇ ಲೆಕ್ಕ ಹಾಕಿದ್ದೆ. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಬೆಳಿಗ್ಗೆಗೂ ಸಂಜೆಗೂ ವ್ಯತ್ಯಾಸ ಇದೆಯಾ? ಇಲ್ಲ, ಯಾವಾಗಲೂ ಅಷ್ಟೇ. ಹಾಗಾದರೆ ಕಾಯಿಲೆ ಅಲ್ಲ, ಮಾತ್ರೆಯೇ ಅಂದರು. ಸ್ಟಿರಾಯ್ಡ್ ಜಾಸ್ತಿ ದಿನ ತಗೊಂಡರೆ ತೊಡೆ ಮತ್ತು ಭುಜದ ಸ್ನಾಯು ಸವೆಯುತ್ತದಂತೆ. ಸ್ನಾಯು ಗಟ್ಟಿಯಾಗಲೆಂದು ನುಂಗುವ ಮಾತ್ರೆ ಸ್ನಾಯುವನ್ನೇ ತಿನ್ನುತ್ತದೆ! ನಾನು ನನ್ನ ಲೆಕ್ಕದಂತೆ ಡೋಸ್ ಏರಿಸಿಕೊಂಡಿದ್ದರೆ ಏಳಲು ಇಬ್ಬರು ಬೇಕಾಗುತ್ತಿತ್ತು. ಈಗ ದಿನಾ ಕುರ್ಚಿ ಹಿಡಿದು ಹತ್ತು ಸಲ ಕೂತು ಏಳುತ್ತೇನೆ, ಸಂಜೆ ತಂಪಾದ ಮೇಲೆ ನಮ್ಮೂರಿನ ಅಪ್ಪನ ಕೆರೆ ಕಡೆ ನಡೆಯುತ್ತೇನೆ.

ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಇದೆ. ಮೂಳೆ ಸವೆಯುವುದು ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ, ಹಾಗಾಗಿ ನೋವು ಬರಲಿ ಆಮೇಲೆ ನೋಡೋಣ ಅನ್ನುವ ಹಾಗಿಲ್ಲ. ವರ್ಷಕ್ಕೊಮ್ಮೆ ಕಣ್ಣು ತೋರಿಸುತ್ತೇನೆ, ಪೊರೆ ಮತ್ತು ಕಣ್ಣೊಳಗಿನ ಒತ್ತಡ ಎರಡೂ ನೋಡಬೇಕು. ನನ್ನ ಹೊಟ್ಟೆಪಾಡು ಕಣ್ಣಿನ ಮೇಲೆ ಇದೆ, ಇದನ್ನು ತಪ್ಪಿಸಲ್ಲ. ಕತ್ತರಿ ತಾಗಿದ ಗಾಯ ಮಾಯಲು ಮೊದಲಿಗಿಂತ ಜಾಸ್ತಿ ದಿನ ಬೇಕು.

ಈಗ ನನ್ನ ಹುಚ್ಚುತನ. ಎರಡನೇ ವರ್ಷ, ತಂಗಿಯ ಮದುವೆ. ಫೋಟೋದಲ್ಲಿ ಈ ಮುಖ ಬೇಡ ಅಂತ ನಿರ್ಧರಿಸಿ ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ದಿನಕ್ಕೆ 20 ನಡೆಯುತ್ತಿತ್ತು. ಸಂಬಂಧಿಕರೊಬ್ಬರು ಬೇರೆ "ಸ್ಟಿರಾಯ್ಡ್ ವಿಷ, ಬಿಟ್ಟದ್ದು ಒಳ್ಳೇದಾಯ್ತು" ಅಂತ ಬೆನ್ನು ತಟ್ಟಿದರು. ಐದನೇ ದಿನ ಮೈಕೈ ನೋವು, ವಾಂತಿ, ಎದ್ದರೆ ಕಣ್ಣು ಕತ್ತಲೆ. ಒಂಬತ್ತನೇ ದಿನ ಕುಡಿದ ನೀರು ಮೂಗಿನಿಂದ ಬಂತು. ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಪಕ್ಕ ಕೂತು, ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತೀರಿ ಎಣಿಸಿ ಅಂದ. ಹದಿನಾಲ್ಕಕ್ಕೆ ನಿಂತೆ. ಉಸಿರೆಳೆಯುವ ಸ್ನಾಯುವೂ ಸೋಲುತ್ತಿದೆ ಅಂತ ಅವನ ಮುಖ ನೋಡಿದಾಗಲೇ ನನಗೆ ಅರ್ಥವಾಗಿದ್ದು. ಮದುವೆ ಫೋಟೋಗಳಲ್ಲಿ ನಾನು ಇಲ್ಲವೇ ಇಲ್ಲ.

ನೀರು ಮೂಗಿಗೆ ಬಂದದ್ದು, ಉಸಿರು ಸೋತದ್ದು ಕಾಯಿಲೆ ತಿರುಗಿ ಬಂದದ್ದರಿಂದ. ಅದಕ್ಕೂ ಮೊದಲಿನ ಮೈಕೈ ನೋವು, ವಾಂತಿ, ಕಣ್ಣು ಕತ್ತಲೆ ಯಾಕೆಂದರೆ, ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ತಾನೇ ಒಂದು ಸ್ಟಿರಾಯ್ಡ್ ತಯಾರಿಸುತ್ತದೆ, ಕಾರ್ಟಿಸಾಲ್ ಅಂತ. ಹೊರಗಿನಿಂದ ತಿಂಗಳುಗಟ್ಟಲೆ ಮಾತ್ರೆ ಬರುತ್ತಿದ್ದರೆ ಅದು ಅಂಗಡಿ ಮುಚ್ಚಿ ಮಲಗುತ್ತದೆ. ನಾವು ಒಮ್ಮೆಲೇ ನಿಲ್ಲಿಸಿದರೆ ಒಳಗೂ ಇಲ್ಲ, ಹೊರಗೂ ಇಲ್ಲ. ಅದು ನಿಧಾನಕ್ಕೆ ಎದ್ದೇಳಬೇಕಾದರೆ ಡೋಸ್ ಮೆಲ್ಲಗೆ ಇಳಿಯಬೇಕು, ಕಡೆಕಡೆಗೆ ಒಂದೊಂದು ಮಿಲಿಗ್ರಾಂ ಲೆಕ್ಕದಲ್ಲಿ. ಜೋರು ಜ್ವರ ಬಂದರೆ, ಆಪರೇಷನ್ ಆದರೆ ಕೆಲವು ದಿನ ಡೋಸ್ ಏರಿಸಬೇಕಾಗಬಹುದು, ಅದನ್ನು ಡಾಕ್ಟರೇ ಹೇಳಬೇಕು. ಅದಕ್ಕೇ ಈಗ ಪರ್ಸಿನಲ್ಲಿ ಒಂದು ಚೀಟಿ ಇಟ್ಟಿದ್ದೇನೆ: ಕಾಯಿಲೆಯ ಹೆಸರು, ಸ್ಟಿರಾಯ್ಡ್ ನಡೆಯುತ್ತಿದೆ, ಇಷ್ಟು ಮಿಲಿಗ್ರಾಂ, ನಿಲ್ಲಿಸಬೇಡಿ. ಕನ್ನಡದಲ್ಲೂ ಬರೆದಿದ್ದೇನೆ, ಇಂಗ್ಲಿಷಿನಲ್ಲೂ.

ಅಂಗಡಿಗಳ ಬಗ್ಗೆ ಎರಡು ಮಾತು. ಮನೆ ಹತ್ತಿರದ ಒಂದು ಮೆಡಿಕಲ್‌ನವರು 5ರ ಬದಲು 10ರ ಪಟ್ಟಿ ಕೊಟ್ಟು, ನಾನು ವಾಪಸ್ ಹೋಗಿ ತೋರಿಸಿದರೆ "ಅರ್ಧ ಮಾಡಿ ತಗೋರಿ, ಏನಾತು" ಅಂದರು. ಪಟ್ಟಿಗಳು ನೋಡಲು ಒಂದೇ ಥರ ಇರುತ್ತವೆ ನಿಜ, ಆದರೆ ಓದಿ ಕೊಡುವುದು ಅವರ ಕೆಲಸ ತಾನೇ. ಅಂದಿನಿಂದ ನಾನು ಆಟೋ ಹಿಡಿದು ದೂರದ ಅಂಗಡಿಗೆ ಹೋಗುತ್ತೇನೆ. ಅಲ್ಲಿ ಕೂರುವ ವಯಸ್ಸಾದ ಫಾರ್ಮಸಿಸ್ಟ್, ಒಮ್ಮೆ ಉರಿಮೂತ್ರಕ್ಕೆ ಅಂತ ಯಾವುದೋ ಕ್ಲಿನಿಕ್‌ನಲ್ಲಿ ಬರೆದುಕೊಟ್ಟ ಸಿಪ್ರೋಫ್ಲಾಕ್ಸಸಿನ್ ಚೀಟಿ ನೋಡಿ ಕೈ ತಡೆದು, ನಿಮಗೆ ಮಯಸ್ತೇನಿಯಾ ಅಲ್ವಾ, ಇದು ಅದನ್ನು ಕೆಡಿಸುತ್ತದೆ, ಡಾಕ್ಟರಿಗೆ ಫೋನ್ ಮಾಡದೆ ಕೊಡಲ್ಲ ಅಂದರು. ಫೋನ್ ಮಾಡಿದರು, ಬೇರೆ ಮಾತ್ರೆ ಬಂತು. ಆ ಅಂಗಡಿಗೆ ಐದಕ್ಕೆ ಐದು. ಬೋರ್ಡಿನ ಬಣ್ಣ ಹೋಗಿದೆ, ಚಿಲ್ಲರೆ ಯಾವತ್ತೂ ಇರಲ್ಲ, ಆದರೂ ಐದು.

ಮಾತ್ರೆಗೆ ಮೂರೂವರೆ. ಇದರ ಜೊತೆಗೆ ಆಜಾಥಯೋಪ್ರಿನ್ ಅಂತ ಇನ್ನೊಂದು ನಡೆಯುತ್ತಿದೆ, ಅದೂ ರೋಗನಿರೋಧಕ ಶಕ್ತಿಯ ಕೈಕಟ್ಟುವ ಮಾತ್ರೆಯೇ, ಸ್ಟಿರಾಯ್ಡ್ ಅಲ್ಲ. ಅದು ಪರಿಣಾಮ ತೋರಿಸಲು ತಿಂಗಳುಗಳೇ ಬೇಕು, ವರ್ಷವೂ ಆಗಬಹುದು, ರಕ್ತ ಮತ್ತು ಲಿವರ್ ಟೆಸ್ಟ್ ಮಾಡಿಸುತ್ತಾ ಇರಬೇಕು, ಆದರೆ ಅದರಿಂದಲೇ ಸ್ಟಿರಾಯ್ಡ್ ಇಳಿಸಲು ಆಗುತ್ತಿರುವುದು. ಈಗ ನಾನು ಏಳೂವರೆ ಮಿಲಿಗ್ರಾಂನಲ್ಲಿ ಇದ್ದೇನೆ. ಸೊಂಟ 33. ಬೆನ್ನಿನ ಉಬ್ಬು ಹೆಚ್ಚುಕಮ್ಮಿ ಹೋಗಿದೆ, ಬ್ಲೌಸಿನ ಕತ್ತು ಮತ್ತೆ ಮೈಗೆ ಕೂರುತ್ತಿದೆ. ಹೋದ ವಾರ ನನಗೇ ಒಂದು ಇಳಕಲ್ ಬ್ಲೌಸ್ ಹೊಲಿದುಕೊಂಡೆ. ಪಕ್ಕದ ಹೊಲಿಗೆಯಲ್ಲಿ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದೇನೆ.