ದಾಕ್ಷಿಣ್ಯಕ್ಕೆ ಮೂರು ಮದ್ದು: ನಾನು ಮಾಡಿ ನೋಡಿದ್ದು

'ಆಗಲ್ಲ' ಅನ್ನಲು ನನಗೆ ಬಾಯೇ ಬರುವುದಿಲ್ಲ. ಮಂಡ್ಯದ ನೆಂಟರು ಸ್ಕೂಟರ್ ಕೇಳಿದರೆ ಸ್ಕೂಟರ್, ಜಾಮೀನು ಕೇಳಿದರೆ ಜಾಮೀನು. ಮಾನಸಗಂಗೋತ್ರಿಯಲ್ಲಿ ಸೈಕಾಲಜಿ ಓದಿದ ಗೆಳತಿಯೊಬ್ಬಳು ಕನ್‌ಸ್ಟ್ರಕ್ಟಿವಿಸ್ಟ್ ದಾರಿಗಳನ್ನು ಮಾಡಿ ನೋಡು ಅಂದಳು. ಜನರನ್ನು ನಾವು ನೋಡುವುದು ನಾವೇ ಕಟ್ಟಿಕೊಂಡ ಅರ್ಥಗಳ ಮೂಲಕ; ಕಟ್ಟಿದ್ದನ್ನು ಬಿಚ್ಚಿ ಬೇರೆ ಥರ ಕಟ್ಟಬಹುದು. ಇವುಗಳ ಬುನಾದಿ ಇಷ್ಟೇ.

ಮೊದಲು ರೆಪರ್ಟರಿ ಗ್ರಿಡ್. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಕೆಲ್ಲಿ 1955ರ ತನ್ನ ಪುಸ್ತಕದಲ್ಲಿ ವಿವರಿಸಿದ್ದು. ಗೊತ್ತಿರುವವರ ಹೆಸರನ್ನು ಚೀಟಿಗಳಲ್ಲಿ ಬರೆದು, ಮೂರು ಮೂರು ಎತ್ತಬೇಕು. ಯಾವ ಇಬ್ಬರು ಒಂದೇ ಥರ, ಮೂರನೆಯವರು ಹೇಗೆ ಬೇರೆ? ಅಪ್ಪ, ಚಿಕ್ಕಪ್ಪ, ಹಳೆಯ ಮ್ಯಾನೇಜರ್ ಬಂದರು. ಮೊದಲಿಬ್ಬರು 'ಕೈ ಬಿಡದವರು'. ಮ್ಯಾನೇಜರ್ 'ಸ್ವಾರ್ಥಿ'. ಯಾವ ಚೀಟಿ ಎತ್ತಿದರೂ ಸುತ್ತಿ ಬಳಸಿ ಅದೇ ಜೋಡಿ! ನನ್ನ ತಲೆಯಲ್ಲಿ ಕೊಡುವವನ ಎದುರು ತುದಿಯಲ್ಲಿ ಕೂತಿದ್ದವನು ಸ್ವಾರ್ಥಿ. ನಡುವೆ ಯಾರಿಗೂ ಜಾಗವಿಲ್ಲ. ಇನ್ನು 'ಆಗಲ್ಲ' ಅನ್ನುವುದಾದರೂ ಹೇಗೆ? ಆ ಸಂಜೆ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಇಂಥ ಜೋಡಿಗಳ ಮೇಲೆ ಒಬ್ಬೊಬ್ಬರಿಗೂ ಅಂಕ ಹಾಕುವ ಭಾಗ ಮಾತ್ರ ಆಫೀಸಿನ ಎಕ್ಸೆಲ್ ಕೆಲಸದಷ್ಟೇ ಬೇಜಾರು. ಆದರೆ ಗೊತ್ತಾಗಿದ್ದು ಗೊತ್ತಾಯಿತು, ಅಷ್ಟೇ. ಮರುದಿನ ಸ್ಕೂಟರ್ ಮತ್ತೆ ಹೋಯಿತು.

ಆಮೇಲೆ ನರೇಟಿವ್ ಥೆರಪಿ. ಆಸ್ಟ್ರೇಲಿಯಾದ ಮೈಕಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ಬೆಳೆಸಿದ್ದು. ಸಮಸ್ಯೆಗೆ ಹೆಸರಿಟ್ಟು, ನಮ್ಮಿಂದ ಹೊರಗೆ ಕೂರಿಸಿ ಮಾತಾಡಿಸಬೇಕು. ನಾನು 'ದಾಕ್ಷಿಣ್ಯಮ್ಮ' ಅಂತ ಇಟ್ಟೆ. ಮಾರಮ್ಮನ ಥರ ಮೈಮೇಲೆ ಬರುತ್ತಾಳಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತು ಅವಳಿಗೆ ಪತ್ರ ಬರೆದೆ. ಮನಸ್ಸು ಹಗುರವಾಯಿತು. ಸ್ವಲ್ಪ ಜಾಸ್ತಿಯೇ ಹಗುರವಾಯಿತು: ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟಿ ಆರಾಮಾಗಿಬಿಟ್ಟೆ.

ಮೂರನೆಯದು ಫಿಕ್ಸ್‌ಡ್ ರೋಲ್, ಇದೂ ಕೆಲ್ಲಿಯದೇ. ಆತ ಹಿಂದೆ ನಾಟಕ ಕಲಿಸಿದ ಮೇಷ್ಟ್ರು, ಅದು ಇಲ್ಲಿ ಕಾಣುತ್ತದೆ. ಮೊದಲು ನನ್ನನ್ನು ಬಲ್ಲ ಗೆಳೆಯ ಬರೆದ ಹಾಗೆ, ನನ್ನ ಬಗ್ಗೆಯೇ 'ಅವನು' ಅಂತ ಬರೆದೆ. ಅದನ್ನು ಓದಿ ಗೆಳತಿ ಬೇರೊಬ್ಬನನ್ನು ಬರೆದುಕೊಟ್ಟಳು. ಹೆಸರು ನಂಜಪ್ಪ. ಎರಡು ವಾರ ನಾನು ನಂಜಪ್ಪನಾಗಿ ಇರಬೇಕು. ಅವನು ಜಿಪುಣನೇನಲ್ಲ, ನನ್ನ ಉಲ್ಟಾ ಬರೆದಿದ್ದರೆ ನಾನು ಎರಡೇ ದಿನಕ್ಕೆ ಬಿಟ್ಟುಬಿಡುತ್ತಿದ್ದೆ. ನಂಜಪ್ಪನಿಗೆ ಕುತೂಹಲ. ಉತ್ತರ ಕೊಡುವ ಮೊದಲು ಎರಡು ಪ್ರಶ್ನೆ ಕೇಳುತ್ತಾನೆ.

ಐದನೆಯ ದಿನ ದೊಡ್ಡಪ್ಪನ ಮಗನ ಫೋನು. ಸ್ಕೂಟರ್ ಬೇಕಿತ್ತಂತೆ. "ಎಲ್ಲಿಗಣ್ಣ? ಎಷ್ಟು ಹೊತ್ತಿಗೆ?" ಅಂದೆ. ಎದೆ ಡವಡವ. ಅವನು ಒಂದು ಕ್ಷಣ ಯೋಚಿಸಿ, "ಅಯ್ಯೋ ಬುಡ್ಲಾ, ಬಸ್ಸಲ್ಲೇ ಓಯ್ತೀನಿ" ಅಂದ. ಬೇಜಾರೂ ಮಾಡಿಕೊಳ್ಳಲಿಲ್ಲ. ನಾನು 'ಆಗಲ್ಲ' ಅಂದಿರಲೇ ಇಲ್ಲ!

ಒಂದೇ ಆರಿಸು ಅಂದರೆ ನನ್ನ ಓಟು ನಂಜಪ್ಪನಿಗೆ. ಆದರೆ ಚೀಟಿ ಎತ್ತದೆ ಹೋಗಿದ್ದರೆ ಅವನು ಹುಟ್ಟುತ್ತಲೇ ಇರಲಿಲ್ಲ, ಅಲ್ವಾ? ಅಮ್ಮ ಮಾತ್ರ "ಏನೋ ಇದು, ಪೊಲೀಸಿನವರ ಥರ ವಿಚಾರಿಸ್ತೀಯ" ಅಂತಾಳೆ. ಜಾಮೀನಿನ ವಿಷಯದಲ್ಲಿ ನಂಜಪ್ಪ ಇನ್ನೂ ಪರೀಕ್ಷೆಗೆ ಕೂತಿಲ್ಲ.