ಬೇಸ್ ಎಲ್ಲಿ ಹೋಯಿತು? ಮೆಟಾಲಿಕಾದ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ ರೀಮಾಸ್ಟರ್ ಕೇಳಿದ ಮೇಲೆ

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ 1988ರಲ್ಲಿ ತಂದ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ ನನಗೆ ತುಂಬಾ ಇಷ್ಟದ ಆಲ್ಬಮ್. ಕೇಳಿದಾಗಲೆಲ್ಲ ಬೇಜಾರಾಗುವ ಆಲ್ಬಮ್ ಕೂಡ ಅದೇ. 2018ರ ನವೆಂಬರ್‌ನಲ್ಲಿ ಬಂದ ಅದರ ರೀಮಾಸ್ಟರ್, ಅಂದರೆ ಸದ್ದನ್ನು ಮತ್ತೆ ತಿದ್ದಿ ತಂದ ಆವೃತ್ತಿ, ಅದನ್ನು ಎರಡು ವಾರ ಬಿಡದೆ ಕೇಳಿದ್ದೇನೆ. ಮೊಬೈಲಿನಲ್ಲಿ, ಕಾರಿನಲ್ಲಿ, ಒಳ್ಳೆಯ ಹೆಡ್‌ಫೋನ್‌ನಲ್ಲಿ, ಆಮೇಲೆ ಗೆಳೆಯನ ಮನೆಯ ದೊಡ್ಡ ಸ್ಪೀಕರ್‌ಗಳಲ್ಲಿ ಎಲ್‌ಪಿ ಹಾಕಿಕೊಂಡು. ಮೊದಲೇ ಹೇಳಿಬಿಡುತ್ತೇನೆ, ಬೇಸ್ ಗಿಟಾರ್ (ಹಾಡಿಗೆ ಕೆಳಗಿನ ದಪ್ಪ ಸದ್ದು ಕೊಡುವ ಗಿಟಾರ್) ವಾಪಸ್ ಬಂದಿರಬಹುದು ಅನ್ನುವ ಆಸೆಯಿಂದ ಕೊಳ್ಳುವುದಾದರೆ ಕೊಳ್ಳಬೇಡಿ. ಬಂದಿಲ್ಲ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕಥೆ. ಈ ಬ್ಯಾಂಡಿನ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. ನ್ಯೂಸ್ಟೆಡ್ ನುಡಿಸಿದ ಮೊದಲ ಪೂರ್ತಿ ಆಲ್ಬಮ್ ಇದು. ಆದರೆ ಆಲ್ಬಮ್ ಪೂರ್ತಿ ಹುಡುಕಿದರೂ ಅವರ ಬೇಸ್ ಕೈಗೆ ಸಿಗುವುದಿಲ್ಲ. ಮೊದಲನೇ ಹಾಡು ‘ಬ್ಲ್ಯಾಕೆಂಡ್’ ಬರೆದವರಲ್ಲಿ ಅವರೂ ಒಬ್ಬರು. ತಾವೇ ಕೂತು ಕಟ್ಟಿದ ಹಾಡಿನಲ್ಲೂ ಅವರು ಇಲ್ಲ. ಕಛೇರಿಯಲ್ಲಿ ಮೃದಂಗದ ಬಲಗೈ ಮಾತ್ರ ಕೇಳಿಸಿ, ಎಡದ ತೊಪ್ಪಿಯ ಗುಮ್ಮು ಪೂರ್ತಿ ಮಾಯವಾದರೆ ಹೇಗಿರುತ್ತದೆ? ಲೆಕ್ಕ ತಪ್ಪಿರುವುದಿಲ್ಲ, ಎಲ್ಲ ಸರಿಯಾಗೇ ಇರುತ್ತದೆ, ಆದರೆ ನೆಲ ಇರುವುದಿಲ್ಲ. ಹಾಗೆ.

ಮೊದಲ ಸಲ ಕೇಳಿದಾಗ ನಾನು ಸ್ಪೀಕರ್ ಕೆಟ್ಟಿದೆ ಅಂದುಕೊಂಡು ವೈರ್ ಬಿಚ್ಚಿ ಮತ್ತೆ ಹಾಕಿದ್ದೆ. ಇದೇ ಕೆಲಸ ಮಾಡಿದ ಇನ್ನೂ ಮೂರು ಜನ ನನಗೆ ಗೊತ್ತು.

ಹಾಗಾದರೆ ಬೇಸ್ ಎಲ್ಲಿ ಹೋಯಿತು? ಯಾರೋ ಒಬ್ಬರು ಒಂದು ಗುಂಡಿ ತಿರುಗಿಸಿ ಮುಗಿಸಿದ ಕೆಲಸ ಅಲ್ಲ ಇದು. ಒಂದರ ಮೇಲೊಂದು ತೆಗೆದುಕೊಂಡ ತೀರ್ಮಾನಗಳು ಸೇರಿ ಹೀಗಾಗಿದೆ, ಅದಕ್ಕೇ ನನಗೆ ಇದರಲ್ಲಿ ಇಷ್ಟು ಆಸಕ್ತಿ. ಗಿಟಾರಿನಿಂದಲೇ ಶುರು ಮಾಡೋಣ. ಜೇಮ್ಸ್ ಹೆಟ್‌ಫೀಲ್ಡ್ ಅವರ ಗಿಟಾರ್ ಸದ್ದು ಈ ಆಲ್ಬಮ್‌ನಲ್ಲಿ ಮಧ್ಯಭಾಗ ಕೊರೆದು ತೆಗೆದ ಹಾಗಿದೆ. ಮೇಲಿನ ಚೂಪು ಇದೆ, ಕೆಳಗಿನ ಗುದ್ದು ಇದೆ, ನಡುವೆ ಟೊಳ್ಳು. ಒಂದೇ ರಿಫ್ಫನ್ನು, ಅಂದರೆ ಹಾಡಿನುದ್ದಕ್ಕೂ ಮರಳಿ ಬರುವ ಗಿಟಾರ್ ತುಣುಕನ್ನು, ಮತ್ತೆ ಮತ್ತೆ ನುಡಿಸಿ ಎಡಕ್ಕೂ ಬಲಕ್ಕೂ ಪದರ ಪದರವಾಗಿ ಇಟ್ಟಿದ್ದಾರೆ. ಬೇಸ್ ಗಿಟಾರಿನ ಅತಿ ದಪ್ಪದ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಮಾಮೂಲಿ ಗಿಟಾರಿನ ದಪ್ಪ ತಂತಿ ಸುಮಾರು 82ರಲ್ಲಿ. ಸರಿಯಾಗಿ ಒಂದು ಸ್ಥಾಯಿ ವ್ಯತ್ಯಾಸ. ಆದರೆ ನಮ್ಮ ಮನೆಯ ಸ್ಪೀಕರ್‌ಗಳಲ್ಲಿ ಆ 41 ಅಷ್ಟಾಗಿ ಕೇಳುವುದೇ ಇಲ್ಲ. ನಾವು ಬೇಸ್ ಅಂತ ಗುರುತು ಹಿಡಿಯುವುದು ಅದರ ಮೇಲೆ ಹುಟ್ಟುವ ಸ್ವರಗಳಿಂದ, ಅಂದರೆ 80, 120, 160, ಇನ್ನೂ ಮೇಲಿನದರಿಂದ. ಅಲ್ಲಿ ಈ ಗಿಟಾರ್‌ಗಳು ಆಗಲೇ ಕಾಲು ಚಾಚಿ ಕೂತಿವೆ.

ನ್ಯೂಸ್ಟೆಡ್ ನುಡಿಸಿದ್ದು ಕೂಡ ಗಿಟಾರಿನ ರಿಫ್ಫನ್ನೇ, ಹೆಚ್ಚುಕಡಿಮೆ ಸ್ವರಕ್ಕೆ ಸ್ವರ, ಅದೂ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದು. ಅವರು ಹಿಂದೆ ಇದ್ದ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ರೀತಿಯೇ ಅದು. ಸ್ಟುಡಿಯೋದಲ್ಲಿ ಅವರ ಜೊತೆ ಬ್ಯಾಂಡಿನವರು ಯಾರೂ ಇರಲಿಲ್ಲ, ನಿರ್ಮಾಪಕರೂ ಇರಲಿಲ್ಲ. ಒಬ್ಬ ಸಹಾಯಕ ಎಂಜಿನಿಯರ್ ಜೊತೆ ಕೂತು ತಮ್ಮ ಪಾಲು ನುಡಿಸಿ ಎದ್ದು ಹೋದರು. ಸ್ವಲ್ಪ ಬೇರೆ ಥರ ನುಡಿಸಿ ನೋಡಿ, ಇಲ್ಲಿ ಗಿಟಾರಿಗೆ ಜಾಗ ಬಿಡಿ ಅಂತ ಹೇಳಲು ಯಾರಾದರೂ ಇದ್ದಿದ್ದರೆ! ಮೈಕ್ ಎಲ್ಲಿ ಇಡಬೇಕು ಅನ್ನುವುದಷ್ಟೇ ಪ್ರೊಡಕ್ಷನ್ ಅಲ್ಲ ಅಲ್ವಾ? ಕೋಣೆಯಲ್ಲಿ ಯಾರು ಇರಬೇಕು ಅನ್ನುವುದೂ ಪ್ರೊಡಕ್ಷನ್ನೇ.

ಇನ್ನು ಡ್ರಮ್. ಲಾರ್ಸ್ ಉಲ್ರಿಕ್ ಅವರ ಕಿಕ್ ಡ್ರಮ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಇಲ್ಲಿ ‘ಧಂ’ ಅನ್ನುವುದಿಲ್ಲ, ‘ಟಕ್’ ಅನ್ನುತ್ತದೆ. ಟೈಪ್‌ರೈಟರ್ ಕೀಲಿ ಬಿದ್ದ ಹಾಗೆ. ಸುತ್ತ ಗೋಡೆ ಇಲ್ಲ, ಗಾಳಿ ಇಲ್ಲ, ಪೂರ್ತಿ ಒಣ ಸದ್ದು. ಇದು ನನಗೆ ಇಷ್ಟವೇ, ಹೇಳಬೇಕು. ಇಷ್ಟು ವೇಗದ, ಇಷ್ಟು ತಿರುವುಗಳ ಹಾಡುಗಳಲ್ಲಿ ಕಿಕ್ ಗುಮ್ಮೆಂದಿದ್ದರೆ ಎಲ್ಲ ಕಲಸಿಹೋಗುತ್ತಿತ್ತು. ‘ಒನ್’ ಹಾಡಿನ ಕೊನೆಯಲ್ಲಿ ಎರಡೂ ಕಾಲಿನ ಕಿಕ್ ಮತ್ತು ಗಿಟಾರ್ ಒಟ್ಟಿಗೆ ಮೆಷಿನ್ ಗನ್ ಥರ ಸಿಡಿಯುತ್ತವಲ್ಲ, ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುವುದು ಈ ಒಣ ಸದ್ದಿನಿಂದಲೇ. ಅಂದರೆ ಆಲ್ಬಮ್‌ನ ದೊಡ್ಡ ಗುಣವೂ ದೊಡ್ಡ ಕೊರತೆಯೂ ಒಂದೇ ಬೇರಿನಿಂದ ಬಂದಿವೆ.

ಕೊನೆಯ ಏಟು ಬಿದ್ದಿದ್ದು ಮಿಕ್ಸಿಂಗ್‌ನಲ್ಲಿ, ಅಂದರೆ ಎಲ್ಲ ವಾದ್ಯಗಳ ಸದ್ದನ್ನು ಹದ ನೋಡಿ ಬೆರೆಸುವಾಗ. ಲಾಸ್ ಏಂಜಲೀಸ್‌ನ ಒನ್ ಆನ್ ಒನ್ ಸ್ಟುಡಿಯೋದಲ್ಲಿ ನಿರ್ಮಾಪಕ ಫ್ಲೆಮ್ಮಿಂಗ್ ರಾಸ್ಮುಸೆನ್ ಜೊತೆ ರೆಕಾರ್ಡಿಂಗ್ ಆಯಿತು. ಮಿಕ್ಸ್ ಮಾಡಿದವರು ಬೇರೆ, ಸ್ಟೀವ್ ಥಾಂಪ್ಸನ್ ಮತ್ತು ಮೈಕಲ್ ಬಾರ್ಬಿಯೇರೋ, ನ್ಯೂಯಾರ್ಕ್ ರಾಜ್ಯದ ಬೇರ್ಸ್‌ವಿಲ್ ಸ್ಟುಡಿಯೋದಲ್ಲಿ. ಬೇಸ್ ಕೇಳುವ ಹಾಗೆಯೇ ಇಟ್ಟಿದ್ದೆವು, ಲಾರ್ಸ್ ಬಂದು ಇಳಿಸಿ ಅಂದರು, ಇಳಿಸಿದ ಮೇಲೆ ಇನ್ನೂ ಇಳಿಸಿ ಅಂದರು ಅಂತ ಥಾಂಪ್ಸನ್ ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆಗ ಬ್ಯಾಂಡ್ ಟೂರ್‌ನಲ್ಲಿತ್ತು. ದೊಡ್ಡ ವೇದಿಕೆಯ ಪಕ್ಕ ಗಂಟೆಗಟ್ಟಲೆ ನಿಂತು ಬಂದ ಕಿವಿಗೆ ಮೇಲಿನ ಸದ್ದು ಮಂಕಾಗಿ ಕೇಳುತ್ತದೆ, ಆಗ ಕೈ ತಾನಾಗಿಯೇ ಟ್ರೆಬಲ್ ಕಡೆ ಹೋಗುತ್ತದೆ. ಕಿವಿ ದಣಿದಿತ್ತು ಅಂತ ಹೆಟ್‌ಫೀಲ್ಡ್ ಕೂಡ ಒಪ್ಪಿಕೊಂಡಿದ್ದಾರೆ. ನನಗೆ ಇದು ತುಂಬಾ ನಂಬುವ ಹಾಗಿದೆ. ಆಲ್ಬಮ್ ಅನ್ನು ಅಂಥ ದಣಿದ ಕಿವಿಯಿಂದ ಕೇಳಿ ನೋಡಿ, ಎಲ್ಲ ಅರ್ಥವಾಗುತ್ತದೆ.

ರಾಸ್ಮುಸೆನ್‌ಗೆ ಬೇಸ್ ರೆಕಾರ್ಡ್ ಮಾಡಲು ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಹಾಕಿ. ಅದೂ ಅವರದೇ ಕೆಲಸ, ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಆಗಿದ್ದು. ಅದರಲ್ಲಿ ‘ಓರಿಯನ್’ ಶುರುವಾಗುವುದೇ ಕ್ಲಿಫ್ ಬರ್ಟನ್ ಬೇಸ್‌ನಿಂದ, ಆ ಸದ್ದು ನಿಧಾನವಾಗಿ ಮೋಡ ಕವಿದ ಹಾಗೆ ಬರುತ್ತದೆ. ಎರಡು ವರ್ಷದ ಅಂತರ, ಅದೇ ನಿರ್ಮಾಪಕ, ಅದೇ ಗಿಟಾರಿಸ್ಟ್‌ಗಳು, ಅದೇ ಡ್ರಮ್ಮರ್. ಎರಡನ್ನೂ ಒಂದಾದ ಮೇಲೊಂದು ಕೇಳಿ.

ಈಗ ರೀಮಾಸ್ಟರ್‌ಗೆ ಬರುತ್ತೇನೆ. ಜನ ಮಿಕ್ಸಿಂಗ್ ಮತ್ತು ಮಾಸ್ಟರಿಂಗ್ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಅದಕ್ಕೇ ಈ ನಿರಾಸೆ. ಸಾರು ಮಾಡುವಾಗ ಹುಣಸೆ ಎಷ್ಟು, ಬೇಳೆ ಎಷ್ಟು, ಪುಡಿ ಎಷ್ಟು ಅಂತ ನೋಡಿ ಹಾಕುವುದು ಮಿಕ್ಸಿಂಗ್. ಕುದಿದು ಇಳಿಸಿದ ಮೇಲೆ ಬಿಸಿ ಮಾಡಿ, ಮೇಲೊಂದು ಒಗ್ಗರಣೆ ಕೊಟ್ಟು ಬಡಿಸುವುದು ಮಾಸ್ಟರಿಂಗ್. ಬೇಳೆ ಕಡಿಮೆ ಬಿದ್ದ ಸಾರಿಗೆ ಎಷ್ಟು ಒಗ್ಗರಣೆ ಕೊಟ್ಟರೂ ಬೇಳೆ ಬರುವುದಿಲ್ಲ. ಬೇರೆ ಬೇರೆಯಾಗಿ ರೆಕಾರ್ಡ್ ಆದ ಟ್ರ್ಯಾಕ್‌ಗಳನ್ನು ತೆರೆದು ಮತ್ತೆ ಹದ ಹಾಕಿದರೆ ಮಾತ್ರ ಬೇಸ್ ಎತ್ತಬಹುದು. ಬ್ಯಾಂಡ್ ಅದನ್ನು ಮಾಡಲಿಲ್ಲ, 1988ರ ಮಿಕ್ಸನ್ನೇ ಹಾಗೇ ಉಳಿಸಿಕೊಂಡಿತು. ಅಭಿಮಾನಿಗಳು ತಾವೇ ಬೇಸ್ ಸೇರಿಸಿ ಹಾಕಿದ ಆವೃತ್ತಿಗಳು ಯೂಟ್ಯೂಬ್‌ನಲ್ಲಿ ಇವೆ. ಕುತೂಹಲಕ್ಕೆ ಒಮ್ಮೆ ಕೇಳಿ, ತಪ್ಪಿಲ್ಲ.

ಆದರೆ ಒಗ್ಗರಣೆ ಚೆನ್ನಾಗೇ ಬಿದ್ದಿದೆ. ನನ್ನ ಹಳೆಯ ಸಿಡಿಯಲ್ಲಿ ಸಿಂಬಲ್‌ಗಳು (ಡ್ರಮ್ ಜೊತೆಗಿನ ಲೋಹದ ತಾಳಗಳು) ಕಿವಿಗೆ ಚುಚ್ಚುತ್ತಿದ್ದವು. ಇಲ್ಲಿ ಆ ಚುಚ್ಚು ನನಗೆ ಕಡಿಮೆ ಅನ್ನಿಸಿತು. ಗಿಟಾರಿನ ಕೆಳಭಾಗಕ್ಕೆ ಸ್ವಲ್ಪ ಮೈ ಬಂದಿದೆ. ‘ಬ್ಲ್ಯಾಕೆಂಡ್’ ಶುರುವಿನಲ್ಲಿ ಹಿಂದುಮುಂದಾಗಿ ಓಡಿಸಿದ ಗಿಟಾರ್ ಪದರಗಳು ದೂರದಿಂದ ತೇಲಿ ಬರುತ್ತವಲ್ಲ, ಅಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ಪದರಗಳು ಬೇರೆ ಬೇರೆಯಾಗಿ ಸಿಗುತ್ತವೆ. ಎಲ್‌ಪಿ ಬಗ್ಗೆ ಒಂದು ಮಾತು. ಆಲ್ಬಮ್ 65 ನಿಮಿಷ ಇದೆ, ಒಂದು ತಟ್ಟೆಯಲ್ಲಿ ಹಿಡಿಯುವುದಿಲ್ಲ, ಎರಡು ತಟ್ಟೆ. ಆದ್ದರಿಂದ ಗೆರೆಗಳನ್ನು ಇಕ್ಕಟ್ಟು ಮಾಡಬೇಕಾಗಿಲ್ಲ, ಸದ್ದಿಗೆ ಉಸಿರಾಡಲು ಜಾಗ ಇದೆ. ನಾನು ಕೇಳಿದ ನಾಲ್ಕು ವಿಧದಲ್ಲಿ ಎಲ್‌ಪಿಯೇ ಹಿತವಾಗಿತ್ತು. ಕಾರಿನಲ್ಲಿ ಮಾತ್ರ ಬೇಡ. ಎಂಜಿನ್ ಮತ್ತು ರಸ್ತೆಯ ಗದ್ದಲ ಕೆಳಗಿನ ಸದ್ದನ್ನು ನುಂಗುತ್ತದೆ, ಮೊದಲೇ ಬೇಸ್ ಇಲ್ಲದ ಆಲ್ಬಮ್‌ನಲ್ಲಿ ಆಮೇಲೆ ಉಳಿಯುವುದು ಟಕ್ ಟಕ್ ಒಂದೇ.

ಇದರ ಎದುರು ಇಟ್ಟು ನೋಡಬೇಕಾದದ್ದು ಅದೇ ಬ್ಯಾಂಡಿನ 1991ರ ಆಲ್ಬಮ್, ಎಲ್ಲರೂ ಬ್ಲ್ಯಾಕ್ ಆಲ್ಬಮ್ ಅಂತ ಕರೆಯುವುದು. ರೆಕಾರ್ಡ್ ಆಗಿದ್ದು ಅದೇ ಒನ್ ಆನ್ ಒನ್ ಸ್ಟುಡಿಯೋದಲ್ಲಿ, ಆದರೆ ನಿರ್ಮಾಪಕರು ಬಾಬ್ ರಾಕ್. ಅವರು ಮೊದಲು ಮಾಡಿದ್ದೇ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ನುಡಿಸಿದ್ದು. ಡ್ರಮ್‌ಗೆ ಕೋಣೆ ಸಿಕ್ಕಿತು. ಹಾಡುಗಳ ವೇಗ ಇಳಿಯಿತು, ಇಳಿದ ಕಡೆಯಲ್ಲೆಲ್ಲ ಬೇಸ್ ಬಂದು ಕೂತಿತು. ‘ಸ್ಯಾಡ್ ಬಟ್ ಟ್ರೂ’ಗೆ ಶ್ರುತಿಯನ್ನೇ ಕೆಳಗಿಳಿಸಿದರು, ಅದರ ಮೊದಲ ಪೆಟ್ಟು ಎದೆಗೆ ಬೀಳುತ್ತದೆ. ‘ಮೈ ಫ್ರೆಂಡ್ ಆಫ್ ಮಿಸರಿ’ ಹಾಡಂತೂ ನ್ಯೂಸ್ಟೆಡ್ ಬೇಸ್‌ನಿಂದಲೇ ಶುರು. ಮೂರು ವರ್ಷ ಕಾದು ಅವರು ಕೊನೆಗೂ ಬಾಗಿಲು ತೆರೆದು ಒಳಗೆ ಬಂದ ಹಾಗೆ ನನಗೆ ಕೇಳುತ್ತದೆ. ಮೂರು ಸಲ ಮಿಕ್ಸ್ ಮಾಡಿ, ಸುಮಾರು 10 ಲಕ್ಷ ಡಾಲರ್ ಖರ್ಚಾಯಿತು ಅನ್ನುತ್ತಾರೆ. ಹಾಡುಗಳ ವಿಷಯಕ್ಕೆ ಬಂದರೆ ನನಗೆ ‘ಜಸ್ಟಿಸ್’ ಜಾಸ್ತಿ ಇಷ್ಟ. ಸದ್ದಿನ ವಿಷಯದಲ್ಲಿ ಬ್ಲ್ಯಾಕ್ ಆಲ್ಬಮ್ ಹತ್ತಿರಕ್ಕೂ ಇದು ಹೋಗುವುದಿಲ್ಲ.

2003ರ ‘ಸೇಂಟ್ ಆ್ಯಂಗರ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ನೇರ್ ಡ್ರಮ್‌ನ ಕೆಳಗಿನ ತಂತಿಗಳನ್ನು ಸಡಿಲ ಬಿಟ್ಟು ಬಡಿದರು, ಎಣ್ಣೆ ಡಬ್ಬ ಬಡಿದ ಸದ್ದು ಬಂತು, ಅದನ್ನೇ ಬಿಟ್ಟುಕೊಂಡರು. ನನ್ನಿಂದ ಪೂರ್ತಿ ಕೇಳಲು ಆಗಿಲ್ಲ. 2008ರ ‘ಡೆತ್ ಮ್ಯಾಗ್ನೆಟಿಕ್’ ಕಥೆ ಇನ್ನೂ ನೋವಿನದು, ಯಾಕೆಂದರೆ ಹಾಡುಗಳು ಚೆನ್ನಾಗಿವೆ. ಎಲ್ಲವನ್ನೂ ಗಟ್ಟಿ ಮಾಡುತ್ತಾ ಹೋಗಿ ಮೆಲ್ಲಗಿನ ಜಾಗ, ಜೋರಿನ ಜಾಗ ಅನ್ನುವ ವ್ಯತ್ಯಾಸವೇ ಹೋಯಿತು, ಡ್ರಮ್ ಪೆಟ್ಟು ಒಡೆದು ಪರಪರ ಅನ್ನುತ್ತದೆ. ಅದೇ ಹಾಡುಗಳು ‘ಗಿಟಾರ್ ಹೀರೋ’ ವಿಡಿಯೋ ಆಟದಲ್ಲಿ ಅಷ್ಟು ಹಿಂಡದ ರೂಪದಲ್ಲಿ ಬಂದವು, ಅಭಿಮಾನಿಗಳು ಅದನ್ನೇ ತೆಗೆದು ಕೇಳಲು ಶುರು ಮಾಡಿದರು. ಆಲ್ಬಮ್ ಅನ್ನು ಮತ್ತೆ ಮಾಡಿಕೊಡಿ ಅಂತ ಸಾವಿರಾರು ಜನ ಸಹಿ ಹಾಕಿದರು. ದುಡ್ಡು ಕೊಟ್ಟು ಕೊಂಡ ಸಿಡಿಗಿಂತ ಆಟದ ಡಿಸ್ಕ್ ಚೆನ್ನಾಗಿ ಕೇಳುವುದು ಅಂದರೆ!

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಾನೂ ಆ ಜನಸಾಗರದಲ್ಲಿ ನಿಂತಿದ್ದೆ. ಆ ಹೊತ್ತಿಗೆ ನ್ಯೂಸ್ಟೆಡ್ ಬ್ಯಾಂಡ್ ಬಿಟ್ಟು ಹತ್ತು ವರ್ಷ ಆಗಿತ್ತು, ರಾಬರ್ಟ್ ಟ್ರುಹಿಯೋ ಬೇಸ್ ಹಿಡಿದಿದ್ದರು, ಪಿಕ್ ಇಲ್ಲದೆ ಬರಿ ಬೆರಳಲ್ಲಿ. ‘ಒನ್’ ಬಂತು. ವರ್ಷಗಟ್ಟಲೆ ಇಯರ್‌ಫೋನ್‌ನಲ್ಲಿ ಕೇಳಿದ ಅದೇ ಹಾಡು, ಮೆಷಿನ್ ಗನ್ ಭಾಗ ಬಂದಾಗ ಚಪ್ಪಲಿಯ ಅಡಿಯಿಂದ ಮೊಣಕಾಲಿನವರೆಗೆ ನಡುಗಿತು. ಆ ಹಾಡಿಗೆ ಒಂದು ನೆಲಮಾಳಿಗೆ ಇದೆ ಅಂತ ಗೊತ್ತಾಗಿದ್ದು ಅವತ್ತು. ಮನೆಗೆ ಬಂದು ಆಲ್ಬಮ್ ಹಾಕಿದರೆ ಮತ್ತೆ ಅದೇ ಒಣ ಟಕ್ ಟಕ್.

ಕೊಳ್ಳಬೇಕಾ ಬೇಡವಾ? ಹಳೆಯ ಸಿಡಿ ಇದ್ದರೆ, ಕೇಳಲಷ್ಟೇ ಬೇಕು ಅಂದರೆ, ಬೇಡ. ಸ್ಟ್ರೀಮಿಂಗ್‌ನಲ್ಲಿ ರೀಮಾಸ್ಟರ್ ಸಿಗುತ್ತದೆ, ಅದೇ ಸಾಕು. ಎಲ್‌ಪಿ ಪ್ಲೇಯರ್ ಇದ್ದರೆ ಎರಡು ತಟ್ಟೆಯ ಸೆಟ್ ಧಾರಾಳವಾಗಿ ತೆಗೆದುಕೊಳ್ಳಿ. ಹಾಡುಗಳು ಹೇಗೆ ಬೆಳೆದವು ಅಂತ ನೋಡುವ ಆಸೆ ಇದ್ದವರಿಗೆ ಮೂರು ಸಿಡಿಯ ಆವೃತ್ತಿ ಇದೆ, ಡೆಮೊಗಳ (ಹಾಡಿನ ಕರಡು ರೆಕಾರ್ಡಿಂಗ್‌ಗಳ) ಜೊತೆ. ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ನ್ಯೂಸ್ಟೆಡ್ ಹೆಸರಿನಲ್ಲಿ.

ಹೊಸದಾಗಿ ಕೇಳುವವರು ಒಂದು ಕೆಲಸ ಮಾಡಿ. ರಾತ್ರಿ ಮನೆ ಸುಮ್ಮನಾದ ಮೇಲೆ ‘ಟು ಲಿವ್ ಈಸ್ ಟು ಡೈ’ ಹಾಕಿ. ಹತ್ತು ನಿಮಿಷದ ಹತ್ತಿರ ಇದೆ, ಹಾಡುವ ಸಾಲಿಲ್ಲ, ಕ್ಲಿಫ್ ಬರ್ಟನ್ ಬಿಟ್ಟುಹೋದ ತುಣುಕುಗಳಿಂದ ಅವರ ನೆನಪಿಗೆ ಕಟ್ಟಿದ್ದು. ನಡುವೆ ಎಲ್ಲ ನಿಂತು ಗಿಟಾರ್ ಒಂದೇ ಮೆಲ್ಲಗೆ ಉಳಿಯುವ ಜಾಗ ಬರುತ್ತದೆ. ಬೇಸ್ ನುಡಿಸುತ್ತಿದ್ದವರ ನೆನಪಿನ ಹಾಡು ಅದು, ಕೆಳಗೆ ಅಷ್ಟು ಖಾಲಿ. ಆ ಖಾಲಿಯನ್ನು ಬೇಕಂತಲೇ ಇಟ್ಟರು ಅಂತ ನನಗೆ ಅನ್ನಿಸುವುದಿಲ್ಲ, ಆದರೂ ಆ ಒಂದು ಹಾಡಿನಲ್ಲಿ ಮಾತ್ರ ಬೇಸ್ ಎತ್ತಿದ ಆವೃತ್ತಿ ನನಗೆ ಬೇಡ.